ಉದ್ದಕ್ಕೆ ಹೋಗೋರು, ಅಡ್ಡಕ್ಕೆ ಹೋಗೋರು

ಹೋದ ಜನವರಿಯಲ್ಲಿ ನಮ್ಮೂರ ಶಾಲೆಯಲ್ಲಿ ವಿಜ್ಞಾನ ಪ್ರದರ್ಶನ ಇಟ್ಟಿದ್ದರು. ಮೇಷ್ಟ್ರು ಮನೆ ತನಕ ಬಂದು, ‘ಯಜಮಾನ್ರೇ, ಬಂದು ಎರಡು ಪದ ಹಾಡಿ, ಹಾಗೇ ಮಕ್ಕಳು ಮಾಡಿರೋದನ್ನೂ ನೋಡಿ’ ಅಂದರು. ಹೋದೆ. ಒಂದು ಹುಡುಗಿ, ಎಂಟನೇ ಕ್ಲಾಸು, ಥರ್ಮಾಕೋಲ್ ಹಾಳೆ ಮೇಲೆ ಕಪ್ಪು ಕಾಗದ ಅಂಟಿಸಿ ಹೈವೇ ಮಾಡಿತ್ತು. ನಡುವೆ ಬಿಳಿ ಗೆರೆ, ಎರಡು ಕಡೆ ದೀಪದ ಕಂಬ, ಒಂದು ಟೋಲ್‌ಗೇಟು. ಅದರ ಮೇಲೆ ಬ್ಯಾಟರಿ ಕಾರು ತಾನೇ ಓಡ್ತಿತ್ತು. ಮುಂದೆ ಅಂಗೈ ಅಡ್ಡ ಇಟ್ಟರೆ ಟಕ್ಕಂತ ನಿಲ್ಲುತ್ತೆ, ತೆಗೆದರೆ ಹೊರಡುತ್ತೆ. ಟೋಲ್ ಹತ್ರ ಹೋದರೆ ಕಂಬಿ ತಾನೇ ಮೇಲೆ ಏಳುತ್ತೆ. ‘ಆಟೋಮ್ಯಾಟಿಕ್ ಹೈವೇ’ ಅಂತ ಮೇಲೆ ಬರೆದಿತ್ತು. ನನಗೆ ಬಹಳ ಖುಷಿಯಾಯ್ತು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟ ನನಗೆ ಆ ವಯಸ್ಸಿನಲ್ಲಿ ಬಲ್ಬು ಹತ್ತಿಸೋಕೂ ಬರ್ತಿರಲಿಲ್ಲ.

ಸುಮ್ಮನೆ ಆಟಕ್ಕೆ ಅಂತ ಬೆರಳನ್ನು ಮುಂದೆ ಇಡದೆ ಪಕ್ಕದಿಂದ ಮೆಲ್ಲಗೆ ತಂದೆ. ಕಾರು ನಿಲ್ಲಲಿಲ್ಲ, ಬಂದು ಬೆರಳಿಗೆ ಬಡೀತು. ‘ಇದ್ಯಾಕೆ ಮಗಾ ನಿಲ್ಲಲಿಲ್ಲ?’ ಅಂತ ಕೇಳಿದೆ. ‘ತಾತ, ಸೆನ್ಸರ್ ಮುಂದಕ್ಕೆ ಮಾತ್ರ ನೋಡೋದು. ಇದ್ರಲ್ಲಿ ಪಕ್ಕದಿಂದ ಯಾರೂ ಬರಂಗಿಲ್ಲ’ ಅಂದಳು.

ಮಗುವಿನ ತಪ್ಪು ಅಂತ ನಾನು ಹೇಳ್ತಿಲ್ಲ. ಅವಳು ನೋಡಿದ ಹಾಗೆ ಮಾಡಿದ್ದಾಳೆ. ಆದರೆ ಮನೆಗೆ ಬಂದ ಮೇಲೂ ಆ ಮಾತು ಬಿಡಲಿಲ್ಲ. ನಮ್ಮ ವಾಚನಾಲಯದ ಪುಸ್ತಕಕ್ಕೆ ಈ ಸಲ ಏನಾದರೂ ಬರೀರಿ ಅಂದಾಗ ಇದನ್ನೇ ಬರೀತೀನಿ ಅಂದೆ.

ರಸ್ತೆ ಮೇಲೆ ಎರಡು ಥರದ ಜನ ಇರ್ತಾರೆ. ಉದ್ದಕ್ಕೆ ಹೋಗೋರು ಒಬ್ಬರು, ಅಡ್ಡಕ್ಕೆ ಹೋಗೋರು ಒಬ್ಬರು. ಲಾರಿ, ಬಸ್ಸು, ಕಾರು ಉದ್ದಕ್ಕೆ ಹೋಗ್ತವೆ. ಹಾಲು ಹಾಕೋನು, ಹುಲ್ಲು ಹೊತ್ತೋಳು, ಸ್ಕೂಲಿಗೆ ಹೋಗೋ ಮಗು, ದನ, ಕುರಿ ಅಡ್ಡಕ್ಕೆ ಹೋಗ್ತವೆ. ಈಗ ರಸ್ತೆಗೆ ಹಾಕ್ತಿರೋ ಮಿಷನ್ನುಗಳೆಲ್ಲ ಉದ್ದಕ್ಕೆ ಹೋಗೋರ ಲೆಕ್ಕ ಹಿಡಿಯೋಕೆ ಮಾಡಿದವು. ಪೇಟೆಯಲ್ಲಿ ಅದು ಹೇಗೋ ನಡೆದುಹೋಗುತ್ತೆ. ಹಳ್ಳಿಯಲ್ಲಿ ನಡೆಯಲ್ಲ. ಯಾಕೆ ಅನ್ನೋದನ್ನು ಹೇಳ್ತೀನಿ.

ಅದನ್ನು ನೋಡೋಕೆ ದೂರ ಹೋಗಬೇಕಾಗಿಲ್ಲ. ಬೆಂಗಳೂರಲ್ಲಿ ‘ಹೊಸೂರು ರೋಡು’ ಅಂತ ಕರೆಯೋದೂ ನಮ್ಮ ಊರ ಮುಂದೆ ಹೋಗೋದೂ ಒಂದೇ ರಸ್ತೆ. ನಾವು ಚಿಕ್ಕೋರಿದ್ದಾಗ ಅದು ಏಳನೇ ನಂಬರ್ ಹೆದ್ದಾರಿ. 2010ರಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ಹೊಸ ನಂಬರ್ ಕೊಟ್ಟಾಗ 44 ಆಯ್ತು. ಶ್ರೀನಗರದಿಂದ ಕನ್ಯಾಕುಮಾರಿ ತನಕ ಹೋಗುವ ದೇಶದ ಅತಿ ಉದ್ದದ ಹೆದ್ದಾರಿ ಅದೇ. ನಾನು ಈ ರಸ್ತೆಯ ಎರಡು ತುದಿಯನ್ನೂ ಕಂಡಿದ್ದೀನಿ. ಕೋಸು, ಟಮೋಟ ಹಾಕ್ಕೊಂಡು ಲಾರಿ ಮೇಲೆ ಕೂತು ರಾತ್ರಿ ಬೆಂಗಳೂರಿಗೆ ಹೋದವನು, ಮೇಳ ಕಟ್ಟಿಕೊಂಡು ಭಜನೆಗೆ ಹೋದವನು, ಈಗ ಮೊಮ್ಮಗನ ಮನೆಗೆ ಬಸ್ಸಿನಲ್ಲಿ ಹೋಗೋನು.

ಬೆಂಗಳೂರು ತುದಿಯಲ್ಲಿ ಈ ರಸ್ತೆ ಮಹಡಿ ಮನೆ ಥರ ಆಗಿದೆ. ಕೆಳಗೆ ಹಳೇ ರಸ್ತೆ. ಅದರ ಮೇಲೆ ಸಿಲ್ಕ್ ಬೋರ್ಡಿನಿಂದ ಎಲೆಕ್ಟ್ರಾನಿಕ್ ಸಿಟಿ ತನಕ ಹತ್ತಿರ ಹತ್ತಿರ 10 ಕಿಲೋಮೀಟರಿನ ಮೇಲ್ಸೇತುವೆ, 2010ರ ಜನವರಿಯಲ್ಲಿ ಬಿಟ್ಟರು. ಪಕ್ಕದಲ್ಲೇ ಆಕಾಶದಲ್ಲಿ ಮೆಟ್ರೋ, ಹಳದಿ ಮಾರ್ಗ ಅಂತಾರೆ, 2025ರ ಆಗಸ್ಟಿನಿಂದ ಆರ್.ವಿ. ರೋಡಿನಿಂದ ಬೊಮ್ಮಸಂದ್ರಕ್ಕೆ ಓಡ್ತಿದೆ, 19 ಕಿಲೋಮೀಟರು, 16 ಸ್ಟೇಷನ್ನು. ಆ ರೈಲನ್ನು ಡ್ರೈವರ್ ಇಲ್ಲದೆ ಓಡೋ ಹಾಗೆ ಮಾಡಿದ್ದಾರೆ. ನಾನು ಹತ್ತಿದ್ದೀನಿ. ಬಾಗಿಲು ತಾನೇ ತೆಗೆಯುತ್ತೆ, ತಾನೇ ಹಾಕುತ್ತೆ, ನಿಲ್ಲಬೇಕಾದ ಗೆರೆಯಲ್ಲೇ ನಿಲ್ಲುತ್ತೆ. ಅದು ನಿಜವಾಗಿ ಆಟೋಮ್ಯಾಟಿಕ್ಕು. ಯಾಕಂದ್ರೆ ಅದರ ದಾರಿಗೆ ಅಡ್ಡ ಬರೋರು ಯಾರೂ ಇಲ್ಲ. ಕಾಗೆ ಬರಬಹುದು ಅಷ್ಟೆ.

ಕೆಳಗೆ ಸಿಗ್ನಲ್ಲು. ಎಷ್ಟು ಗಾಡಿ ನಿಂತಿದೆ ಅಂತ ಕ್ಯಾಮೆರಾದಲ್ಲಿ ನೋಡಿಕೊಂಡು ಹಸಿರು ದೀಪವನ್ನು ತಾನೇ ಹೆಚ್ಚು ಕಡಿಮೆ ಮಾಡುವ ಸಿಗ್ನಲ್ಲುಗಳು ಬೆಂಗಳೂರಲ್ಲಿ ಬಂದಿವೆ. ಕೆಂಪು ದೀಪ ದಾಟಿದರೆ, ಹೆಲ್ಮೆಟ್ ಇಲ್ಲದಿದ್ದರೆ ನಂಬರ್ ಪ್ಲೇಟ್ ಓದಿ ಮನೆಗೆ ದಂಡದ ಮೆಸೇಜು ಕಳಿಸೋ ಕ್ಯಾಮೆರಾ 2022ರ ಕೊನೆಯಲ್ಲೇ 50 ಜಂಕ್ಷನ್ನುಗಳಲ್ಲಿ ಹಾಕಿದರು. ಅಲ್ಲೂ ಮಿಷನ್ನು ಎಣಿಸೋದು ಗಾಡೀನ, ನಡೆಯೋನನ್ನಲ್ಲ. ಆದರೂ ಪೇಟೆಯಲ್ಲಿ ನಡೆಯೋನು ಬದುಕ್ತಾನೆ. ಗಮನ ಇಟ್ಟು ನೋಡಿದೆ, ಯಾಕೆ ಅಂತ. ಒಂದು ಬಸ್‌ಸ್ಟಾಪಿನಲ್ಲಿ ನಲವತ್ತು ಜನ ಸೇರ್ತಾರೆ. ಒಬ್ಬ ಧೈರ್ಯವಂತ ಕೈ ತೋರಿಸಿ ಇಳೀತಾನೆ, ಹಿಂದೆ ನಲವತ್ತು ಜನ ಇಳೀತಾರೆ. ಗಾಡಿ ನಿಲ್ಲಲೇಬೇಕು. ಅಲ್ಲಿ ಜನವೇ ಸಿಗ್ನಲ್ಲು. ಜೊತೆಗೆ ಗಾಡಿಗಳೂ ಆಮೆ ಥರ ಹೋಗ್ತಿರ್ತವೆ. ಅಲ್ಲಲ್ಲಿ ಮೆಟ್ಟಿಲು ಹತ್ತಿ ದಾಟೋ ಸೇತುವೆ ಇದೆ, ಮೆಟ್ರೋ ಸ್ಟೇಷನ್ನಿನ ಒಳಗಿಂದಲೂ ಆ ಕಡೆ ಹೋಗಬಹುದು.

ಅತ್ತಿಬೆಲೆ ದಾಟಿ ನಮ್ಮ ರಾಜ್ಯದೊಳಕ್ಕೆ ಬಂದು, ಹೊಸೂರಿನ ಫ್ಯಾಕ್ಟರಿಗಳನ್ನು ಹಿಂದೆ ಬಿಟ್ಟು ಶೂಲಗಿರಿ, ಕೃಷ್ಣಗಿರಿ ಕಡೆ ಹೊರಟರೆ ರಸ್ತೆ ಬೇರೆ. ಇಲ್ಲಿ ಮಹಡಿ ಇಲ್ಲ. ಒಂದೇ ನೆಲದ ಮೇಲೆ ಚೆನ್ನೈಗೆ ಹೋಗೋ ಕಂಟೇನರೂ, ಸೇಲಂಗೆ ಹೋಗೋ ಬಸ್ಸೂ, ನನ್ನ ಹಸುವೂ ಹೋಗಬೇಕು. ಗಾಡಿಗಳಿಗೆ ಇಲ್ಲಿ ತಡೆ ಇಲ್ಲ, ಅದಕ್ಕೇ ಪೇಟೆಯಲ್ಲಿ ಕಳೆದ ಹೊತ್ತನ್ನೆಲ್ಲ ಇಲ್ಲಿ ಗಿಟ್ಟಿಸ್ಕೋತಾರೆ. ಇಲ್ಲಿ ದಾಟೋನು ಒಬ್ಬನೇ. ನಲವತ್ತು ಜನ ಎಲ್ಲಿಂದ ಬರಬೇಕು?

ನಮ್ಮ ಹೊಲ ರಸ್ತೆಯ ಆ ಕಡೆ ಒಂದೂವರೆ ಎಕರೆ, ಈ ಕಡೆ ಮನೆ, ಕೊಟ್ಟಿಗೆ, ಬಾವಿ. ನಮ್ಮ ಅಪ್ಪನ ಕಾಲದಲ್ಲಿ ಅದು ಒಂದೇ ಹೊಲ, ನಡುವೆ ಎರಡು ಗಾಡಿ ಹೋಗೋಷ್ಟು ಟಾರು ರಸ್ತೆ, ಎರಡು ಕಡೆ ಹುಣಸೆ ಮರ. ರಾಗಿ ತೆನೆಯನ್ನು ರಸ್ತೆ ಮೇಲೇ ಹರಡಿ ಲಾರಿ ಚಕ್ರದಲ್ಲಿ ಒಕ್ಕಣೆ ಮಾಡಿಸ್ತಿದ್ವಿ. (ಅದೂ ತಪ್ಪೇ. ಎಷ್ಟು ಬೈಕಿನೋರು ಜಾರಿ ಬಿದ್ದಿದ್ದಾರೋ ನಮಗೆ ಗೊತ್ತಿದೆ. ಹೇಳದೆ ಇದ್ದರೆ ನ್ಯಾಯ ಆಗಲ್ಲ.) ನಾಲ್ಕು ಲೇನ್ ಮಾಡಿದಾಗ ಡಿವೈಡರ್ ಬಂತು, ನಮ್ಮ ಹೊಲದ ನೇರಕ್ಕೆ ಒಂದು ಸಂದು ಬಿಟ್ಟಿದ್ರು. ಆರು ಲೇನ್ ಮಾಡಿದಾಗ ಆ ಸಂದನ್ನೂ ಮುಚ್ಚಿದರು. ಅಲ್ಲಿ ಅಪಘಾತ ಆಗುತ್ತೆ ಅಂತ ಮುಚ್ಚಿದ್ದು, ಅದು ನಿಜವೇ. ಈಗ ಎತ್ತಿನ ಗಾಡಿಯೋ ಟ್ರ್ಯಾಕ್ಟರೋ ಆ ಕಡೆ ಹೋಗಬೇಕಾದರೆ ಮೂರು ಕಿಲೋಮೀಟರ್ ಹೋಗಿ, ಅಂಡರ್‌ಪಾಸಿನಲ್ಲಿ ತಿರುಗಿ, ಮೂರು ಕಿಲೋಮೀಟರ್ ವಾಪಸ್ ಬರಬೇಕು. ಮಳೆ ಬಂದರೆ ಅಂಡರ್‌ಪಾಸಿನಲ್ಲಿ ಮೊಣಕಾಲುದ್ದ ನೀರು. ಇದುರಿಗೆ ಕಾಣೋ ಹೊಲಕ್ಕೆ ಆರು ಕಿಲೋಮೀಟರ್!

ಅದಕ್ಕೇ ಜನ ರಾಂಗ್‌ಸೈಡಿನಲ್ಲಿ ಬರ್ತಾರೆ. ಪೇಟೆಯೋರು ಕಾರೊಳಗಿಂದ ನೋಡಿ ‘ಹಳ್ಳಿ ಗಮಾರರು, ರೂಲ್ಸು ಗೊತ್ತಿಲ್ಲ’ ಅಂತಾರೆ. ಕ್ಯಾಮೆರಾಗೂ ಅಷ್ಟೇ ಗೊತ್ತು. ನನ್ನ ತಮ್ಮನ ಮಗನಿಗೆ ಹಾಗೆ ದಂಡದ ಮೆಸೇಜು ಬಂತು. ರಾಂಗ್‌ಸೈಡ್ ಬಂದದ್ದು ನಿಜ, ಫೋಟೋದಲ್ಲಿ ಅವನ ಬೈಕೂ ಹಿಂದೆ ಕಟ್ಟಿದ್ದ ಹಾಲಿನ ಕ್ಯಾನೂ ಚೆನ್ನಾಗಿ ಬಿದ್ದಿತ್ತು. ಮುಚ್ಚಿದ ಸಂದು ಮಾತ್ರ ಫೋಟೋದಲ್ಲಿ ಬಿದ್ದಿರಲಿಲ್ಲ. ರಾಂಗ್‌ಸೈಡ್ ಬರೋದು ಸರಿ ಅಂತ ನಾನು ವಾದ ಮಾಡಲ್ಲ, ಅದರಿಂದ ಸತ್ತೋರನ್ನು ಕಂಡಿದ್ದೀನಿ. ಪೇಟೆಯಲ್ಲಿ ರಾಂಗ್‌ಸೈಡ್ ಬರೋನು ಹತ್ತು ನಿಮಿಷ ಉಳಿಸೋಕೆ ಬರ್ತಾನೆ. ಇಲ್ಲಿ ಬರೋನಿಗೆ ಬೇರೆ ದಾರಿ ಕೊಟ್ಟಿಲ್ಲ. ಎರಡಕ್ಕೂ ಒಂದೇ ದಂಡ, ಒಂದೇ ಅಕ್ಷರದಲ್ಲಿ ಬರುತ್ತೆ.

ನಮ್ಮ ಮೇಳದಲ್ಲಿ ಮೂವತ್ತು ವರ್ಷ ತಾಳ ಹಾಕಿದವನೊಬ್ಬನಿದ್ದ. ಹೆಸರು ಬೇಡ, ಊರಿನೋರಿಗೆ ಗೊತ್ತು. ಪದ ಎಲ್ಲಿ ಎಳೀತೀನಿ, ಎಲ್ಲಿ ಉಸಿರು ತಗೋತೀನಿ ಅಂತ ನನ್ನ ಮುಖ ನೋಡದೆ ಅವನಿಗೆ ತಿಳೀತಿತ್ತು. ಹಾಲಿನ ಡೈರಿ ರಸ್ತೆಯ ಆ ಕಡೆ. ಒಂದು ದಿನ ಬೆಳಗ್ಗೆ ಐದೂವರೆಗೆ, ಮಂಜು ಇತ್ತು, ಕ್ಯಾನ್ ಹಿಡಿದು ಡಿವೈಡರ್ ಹತ್ತಿ ಇಳಿದವನು ವಾಪಸ್ ಬರಲಿಲ್ಲ. ಲಾರಿಯೋನು ತನ್ನ ಲೇನಿನಲ್ಲೇ ಹೋಗ್ತಿದ್ದ, ಕುಡಿದಿರಲಿಲ್ಲ, ಅವನೇ ಇಳಿದು ಅಳ್ತಾ ನಿಂತಿದ್ದ. ಅವನ ಮೇಲೆ ನನಗೆ ಸಿಟ್ಟಿಲ್ಲ. ದಾಟಬಾರದ ಜಾಗದಲ್ಲಿ ದಾಟಿದ ಅಂತ ಕಾಗದದಲ್ಲಿ ಬರೆದರು. ನಲವತ್ತು ವರ್ಷದಿಂದ ದಾಟುತ್ತಿದ್ದ ಜಾಗ ಅದು. ದಾಟಬಾರದ ಜಾಗ ಅಂತ ಅದು ಯಾವತ್ತು ಆಯ್ತೋ ಅವನಿಗೆ ಯಾರೂ ಹೇಳಿರಲಿಲ್ಲ. ಆ ಮಗು ‘ಪಕ್ಕದಿಂದ ಯಾರೂ ಬರಂಗಿಲ್ಲ’ ಅಂದಾಗ ನನಗೆ ನೆನಪಾದದ್ದು ಅವನೇ.

ಟೋಲ್ ವಿಷಯಕ್ಕೆ ಬರ್ತೀನಿ. ಇದರಲ್ಲಿ ಮಿಷನ್ನಿಗೆ ಸಲ್ಲಬೇಕಾದ ಮೆಚ್ಚುಗೆ ಸಲ್ಲಬೇಕು. 2021ರ ಫೆಬ್ರವರಿ ಮಧ್ಯದಲ್ಲಿ ಫಾಸ್ಟ್‌ಟ್ಯಾಗ್ ಎಲ್ಲರಿಗೂ ಕಡ್ಡಾಯ ಆಯ್ತು. ಅದಕ್ಕೆ ಮೊದಲು ಮಾವಿನ ಕಾಲದಲ್ಲಿ ಟೋಲ್‌ಗೇಟಿನ ಸಾಲು ನೋಡಿದೋರಿಗೇ ಗೊತ್ತು. ನಮ್ಮ ಕೃಷ್ಣಗಿರಿ ಸೀಮೆಯ ತೋತಾಪುರಿ ಕಾಯಿ ತುಂಬಿದ ಲಾರಿಗಳು ಬಿಸಿಲಲ್ಲಿ ನಿಂತು, ಚಿಲ್ಲರೆ ಇಲ್ಲ ಅಂತ ಜಗಳ ಆಡಿ, ಕಾಯಿ ಕೆಳಗಿನ ಸಾಲಲ್ಲಿ ಬೆಂದುಹೋಗ್ತಿತ್ತು. ರೋಜಾ ಹೂವಿನೋರ ಗೋಳು ಇನ್ನೂ ಹೆಚ್ಚು. ಈಗ ಗಾಜಿನ ಮೇಲಿನ ಚೀಟಿಯನ್ನು ಮಿಷನ್ನು ಓದುತ್ತೆ, ಕಂಬಿ ಏಳುತ್ತೆ, ಹೋಗ್ತಾ ಇರು. ಒಳ್ಳೇದಾಯ್ತು.

ಆದರೆ ಆ ಸಾಲನ್ನೇ ನಂಬಿಕೊಂಡಿದ್ದೋರೂ ಇದ್ದರು. ಸುತ್ತಲಿನ ಹಳ್ಳಿ ಹೆಂಗಸರು ಬುಟ್ಟಿಯಲ್ಲಿ ಸೌತೆಕಾಯಿ, ಸೀಬೆಹಣ್ಣು, ಬೇಯಿಸಿದ ಕಡಲೆಕಾಯಿ ಇಟ್ಟುಕೊಂಡು ನಿಂತ ಗಾಡಿಗಳಿಗೆ ಮಾರ್ತಿದ್ದರು. ಗಾಡಿ ನಿಲ್ಲದಿದ್ದರೆ ಯಾರಿಗೆ ಮಾರೋದು? ಅವರಲ್ಲಿ ಒಬ್ಬಳು ನಮ್ಮ ಕಡೆಯೋಳು, ಈಗ ಹೂವಿನ ಶೆಡ್ಡಿನಲ್ಲಿ ಕೂಲಿಗೆ ಹೋಗ್ತಾಳೆ. ಇನ್ನು ಮುಂದೆ ಕಂಬಿಯೂ ಇರಲ್ಲ, ಮೇಲೆ ಕಟ್ಟಿದ ಕ್ಯಾಮೆರಾ ಓಡೋ ಗಾಡಿಯ ನಂಬರನ್ನೇ ಓದಿ ದುಡ್ಡು ತಗೊಳ್ಳುತ್ತೆ ಅಂತಿದ್ದಾರೆ. ಸಾಲು ಹೋದದ್ದಕ್ಕೆ ನಾನು ಅಳಲ್ಲ. ಸಾಲಿನಲ್ಲಿ ಇದ್ದದ್ದು ಗಾಡಿ ಮಾತ್ರ ಅಂತ ಲೆಕ್ಕ ಹಾಕಿದ್ದಾರಲ್ಲ, ಅದಕ್ಕೆ ನನ್ನ ತಕರಾರು.

ಲೆಕ್ಕದಲ್ಲಿ ಇನ್ನೊಂದು ಇದೆ. 2025ರ ಆಗಸ್ಟ್ 15ರಿಂದ ವರ್ಷದ ಪಾಸು ಬಂದಿದೆ. ಬಂದ ವರ್ಷ 3000 ರೂಪಾಯಿ ಕಟ್ಟಿದರೆ ರಾಷ್ಟ್ರೀಯ ಹೆದ್ದಾರಿ ಟೋಲಿನಲ್ಲಿ 200 ಸಲ ಅಥವಾ ಒಂದು ವರ್ಷ, ಯಾವುದು ಮೊದಲೋ ಅಲ್ಲಿವರೆಗೆ ಹೋಗಬಹುದಿತ್ತು. ಸಲಕ್ಕೆ 15 ರೂಪಾಯಿ ಬಿತ್ತು. ಯಾರಿಗೆ? ಸ್ವಂತಕ್ಕೆ ಇಟ್ಟುಕೊಂಡ ಕಾರು, ಜೀಪು, ವ್ಯಾನಿಗೆ. ವಾರಕ್ಕೊಂದು ಸಲ ಸಾಫ್ಟ್‌ವೇರ್ ಕೆಲಸದಿಂದ ಊರಿಗೆ ಬರೋ ಹುಡುಗನಿಗೆ ಅನುಕೂಲ. ದಿನಾ ಟಮೋಟ ಹೊರೋ ಹಳದಿ ಬೋರ್ಡಿನ ಟಾಟಾ ಏಸಿಗೆ ಇಲ್ಲ. ನಮ್ಮ ಸಂಬಂಧಿಕರ ಹುಡುಗ ಒಬ್ಬ ಹಾಗೆ ಒಂದು ಗಾಡಿ ಇಟ್ಟುಕೊಂಡಿದ್ದಾನೆ. ಒಂದು ರಾತ್ರಿ ಟ್ಯಾಗಿನಲ್ಲಿ ದುಡ್ಡು ಮುಗಿದಿದ್ದು ಗೊತ್ತಾಗದೆ ಒಂದು ಟೋಲಿಗೆ ಹೋದ. ಮಿಷನ್ನು ಒಪ್ಪಲಿಲ್ಲ. ಎರಡರಷ್ಟು ಕಟ್ಟು ಅಂದರು, ಕಟ್ಟಿದ. ಅವತ್ತು ಮಂಡಿಯಲ್ಲಿ ಒಂದು ಕ್ರೇಟು ಟಮೋಟ ಬೆಲೆ ಕೇಳಿ, ಬಂದ ದಾರಿಗೆ ಲೆಕ್ಕ ಹಾಕಿ ನಕ್ಕುಬಿಟ್ಟನಂತೆ. ಮೊದಲಾಗಿದ್ದರೆ ಗೇಟಿನಲ್ಲಿದ್ದೋನ ಹತ್ತಿರ ‘ಅಣ್ಣಾ, ವಾಪಸ್ ಬರುವಾಗ ಕೊಡ್ತೀನಿ’ ಅನ್ನಬಹುದಿತ್ತು. ಒಪ್ಪುತ್ತಿದ್ದನೋ ಇಲ್ಲವೋ, ಕೇಳೋಕೆ ಒಬ್ಬ ಮನುಷ್ಯನಿದ್ದ.

ನಾನು ಹಾಡೋನು. ನನಗೆ ತಿಳಿದ ರೀತಿಯಲ್ಲೇ ಹೇಳಬೇಕು. ಈಗ ಕೆಲವು ಹುಡುಗರು ಮೇಳ ಇಲ್ಲದೆ, ಮೊದಲೇ ರೆಕಾರ್ಡ್ ಮಾಡಿದ ವಾದ್ಯ ಹಾಕ್ಕೊಂಡು ಹಾಡ್ತಾರೆ, ಟ್ರ್ಯಾಕ್ ಅಂತಾರೆ. ಶ್ರುತಿ ತಪ್ಪಲ್ಲ, ತಾಳ ತಪ್ಪಲ್ಲ, ನಾಲ್ಕು ಜನರ ಸಂಬಳ ಉಳೀತು. ಊರಾಚೆ ದೊಡ್ಡ ಕಲ್ಯಾಣಮಂಟಪದಲ್ಲಿ ಅದು ಚೆನ್ನಾಗೇ ನಡೆಯುತ್ತೆ. ನಮ್ಮ ಗುಡಿ ಮುಂದೆ ನಡೆಯಲ್ಲ. ಇಲ್ಲಿ ನಡುರಾತ್ರಿ ಯಾವುದೋ ಅಜ್ಜಿಗೆ ಮೈಮೇಲೆ ದೇವರು ಬರುತ್ತೆ, ಯಾರೋ ಮಂಗಳಾರತಿ ತರ್ತಾರೆ, ಪದ ನಿಲ್ಲಬೇಕು, ಕಾಯಬೇಕು, ಮತ್ತೆ ಅಲ್ಲಿಂದಲೇ ಎತ್ತಬೇಕು. ಟ್ರ್ಯಾಕು ಕಾಯಲ್ಲ. ಅದಕ್ಕೆ ಮುಂದಿನ ಸಾಲು ಗೊತ್ತು, ಮುಂದೆ ಕೂತಿರೋ ಜನ ಗೊತ್ತಿಲ್ಲ.

ಈ ಯೋಚನೆ ನಮ್ಮ ಮಕ್ಕಳದ್ದೂ ಅಲ್ಲ, ನಮ್ಮ ದೇಶದ್ದೂ ಅಲ್ಲ ಅಂತ ಮೇಷ್ಟ್ರು ಓದಿ ಹೇಳಿದರು. 1939ರಲ್ಲಿ ಅಮೆರಿಕದ ನ್ಯೂಯಾರ್ಕಿನಲ್ಲಿ ಒಂದು ದೊಡ್ಡ ವಸ್ತುಪ್ರದರ್ಶನ ನಡೀತಂತೆ. ಜನರಲ್ ಮೋಟರ್ಸ್ ಕಾರು ಕಂಪನಿ ಅಲ್ಲಿ ಇಪ್ಪತ್ತು ವರ್ಷ ಆದ ಮೇಲೆ ರಸ್ತೆ ಹೇಗಿರುತ್ತೆ ಅಂತ ಒಂದು ಮಾದರಿ ಕಟ್ಟಿ ತೋರಿಸ್ತು. ಜನ ಚಲಿಸೋ ಕುರ್ಚಿಯಲ್ಲಿ ಕೂತು ಮೇಲಿಂದ ಕೆಳಕ್ಕೆ ನೋಡ್ತಾ ಹೋಗೋದು, ಕೆಳಗೆ ಪುಟ್ಟ ಪುಟ್ಟ ಕಾರುಗಳು ಅಗಲವಾದ ರಸ್ತೆಯಲ್ಲಿ ಹರೀತಿದ್ದವು. ಮೇಲಿಂದ ನೋಡಿದರೆ ಯಾವ ರಸ್ತೆಯೂ ಚೆಂದವೇ. ಆಮೇಲೆ 1997ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ ಹತ್ತಿರ ನಿಜವಾದ ಹೆದ್ದಾರಿಯಲ್ಲೇ ಮಾಡಿ ತೋರಿಸಿದರು. ಟಾರಿನೊಳಗೆ ನಾಲ್ಕು ಅಡಿಗೊಂದರಂತೆ ಅಯಸ್ಕಾಂತ ಹೂತು, ಅದರ ಜಾಡು ಹಿಡಿದು ಕಾರುಗಳು ಒಂದರ ಹಿಂದೆ ಒಂದು ತಾವೇ ಓಡಿದವು, ಸ್ಟೇರಿಂಗ್ ಮೇಲೆ ಕೈ ಇಲ್ಲ. ಆದರೆ ಎಲ್ಲಿ ಓಡಿದವು? ಗೋಡೆ ಕಟ್ಟಿ ಬೇರೆ ಮಾಡಿದ ಲೇನಿನಲ್ಲಿ. ಬೊಮ್ಮಸಂದ್ರದ ಮೆಟ್ರೋ ಕಥೆಯೇ ಅದೂ. ಅಲ್ಲಿನ ಸರ್ಕಾರ ಆಮೇಲೆ ಆ ಕೆಲಸವನ್ನು ಮುಂದುವರಿಸಲಿಲ್ಲ.

ಹಾಗಾದರೆ ಹಳ್ಳಿ ರಸ್ತೆಗೂ ಗೋಡೆ ಕಟ್ಟಿಬಿಡೋಣ ಅಂತ ಕೆಲವರು ಹೇಳ್ತಾರೆ. ಬೆಂಗಳೂರು–ಮೈಸೂರು ರಸ್ತೆಯಲ್ಲಿ ಅದನ್ನೇ ಮಾಡಿದ್ದು. 2023ರ ಮಾರ್ಚ್ 12ಕ್ಕೆ ಉದ್ಘಾಟನೆ ಆಯ್ತು, ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರು ನಡುರಸ್ತೆಗೆ ಬರಬಾರದು, ಪಕ್ಕದ ಸರ್ವೀಸ್ ರೋಡಿನಲ್ಲಿ ಹೋಗಬೇಕು ಅಂತ ಮಾಡಿದರು. ವೇಗ ಹಿಡಿಯೋ ಕ್ಯಾಮೆರಾ ಹಾಕಿದರು. ಸಾವು ಕಡಿಮೆ ಆಯ್ತು, ಅದನ್ನು ಒಪ್ಪಲೇಬೇಕು. ಕ್ಯಾಮೆರಾ ಬೇಡ ಅನ್ನೋನಲ್ಲ ನಾನು. ಆದರೆ ರಾಮನಗರ, ಚನ್ನಪಟ್ಟಣ, ಮದ್ದೂರಿನ ತಿಂಡಿ ಅಂಗಡಿಯೋರನ್ನು ಕೇಳಿ ನೋಡಿ, ಗೊಂಬೆ ಮಾರೋರನ್ನು ಕೇಳಿ. ರಸ್ತೆ ಊರನ್ನು ಬಿಟ್ಟು ಹೊರಗೆ ಹೋಯ್ತು. ಮಂಡ್ಯದ ರೈತ ತನ್ನ ಟ್ರ್ಯಾಕ್ಟರನ್ನು ತನ್ನ ನೆಲದಲ್ಲೇ ಹಾಸಿದ ರಸ್ತೆ ಮೇಲೆ ಓಡಿಸೋ ಹಾಗಿಲ್ಲ. ಸರ್ವೀಸ್ ರೋಡು ಎಲ್ಲ ಕಡೆ ಇದ್ದು, ದಾಟೋಕೆ ಕೆಳದಾರಿ ಹತ್ತಿರ ಹತ್ತಿರ ಇದ್ದು, ಅದರಲ್ಲಿ ನೀರು ನಿಲ್ಲದಿದ್ದರೆ ನಾನು ಈ ಮಾತು ಆಡಲ್ಲ.

ಆದರೆ ಮಿಷನ್ನು ಅಡ್ಡಕ್ಕೆ ನೋಡಲಾರದು ಅನ್ನೋದೂ ಸುಳ್ಳು. ಇದನ್ನು ಹೇಳೋಕೇ ಇಷ್ಟು ಬರೆದೆ.

ನಮ್ಮ ಹೊಸೂರು ಸೀಮೆಯಲ್ಲಿ ಹೆದ್ದಾರಿಯನ್ನು ಮರ್ಯಾದೆಯಿಂದ ದಾಟೋದು ಆನೆ ಒಂದೇ. ಜವಳಗಿರಿ, ತಳಿ, ದೇನ್ಕನಿಕೋಟೆ ಕಾಡಿನಿಂದ ರಾಗಿ ಕಾಲಕ್ಕೆ ಹಿಂಡು ಬರ್ತವೆ, ಸಾನಮಾವು ಕಾಡಿಗೆ ಬಂದು ನಿಲ್ತವೆ, ಅಲ್ಲಿಂದ ಹೆದ್ದಾರಿ ದಾಟ್ತವೆ. ಆವಾಗ ಫಾರೆಸ್ಟಿನೋರು ಟಾರ್ಚು ಹಿಡಿದು ರಸ್ತೆಗೆ ಇಳಿದು ಎರಡು ಕಡೆಯೂ ಗಾಡಿ ನಿಲ್ಲಿಸ್ತಾರೆ. ಆರು ಲೇನೂ ನಿಲ್ಲುತ್ತೆ. ಕಂಟೇನರ್ ನಿಲ್ಲುತ್ತೆ, ಎಸಿ ಬಸ್ಸು ನಿಲ್ಲುತ್ತೆ, ಹಾರನ್ ಹೊಡೆಯೋ ಹಾಗಿಲ್ಲ. ಮರಿ ನಡುವೆ ಇಟ್ಟುಕೊಂಡು ಅವು ಡಿವೈಡರ್ ಹತ್ತಿ ಇಳಿದು ಆರಾಮಾಗಿ ಹೋಗ್ತವೆ. ಒಂದು ಸಲ ನಾನು ಅಲ್ಲೇ ಇದ್ದೆ. ಆನೆ ಎಲ್ಲ ಆ ಕಡೆ ಇಳಿದು ಹೋಗಿ, ಗಾಡಿಗಳಿಗೆ ಇನ್ನೂ ಸನ್ನೆ ಕೊಟ್ಟಿರಲಿಲ್ಲ, ನಮ್ಮ ಜೊತೆ ನಿಂತಿದ್ದ ಒಬ್ಬ ಹೆಂಗಸು ತಲೆ ಮೇಲೆ ಸೌದೆ ಹೊರೆ ಇಟ್ಟುಕೊಂಡು, ‘ನಡೀರಣ್ಣ, ಈವತ್ತು ನಿಂತೈತೆ’ ಅಂತ ದಾಟಿಬಿಟ್ಟಳು. ನಾವೂ ಅವಳ ಹಿಂದೆ ದಾಟಿದ್ವಿ.

ಇದು ಮನುಷ್ಯರು ಮಾಡೋ ಕೆಲಸ ಅಂತೀರಾ? ಮಿಷನ್ನೂ ಮಾಡ್ತಿದೆ, ನಮ್ಮ ರಾಜ್ಯದಲ್ಲೇ. ಕೊಯಮತ್ತೂರಿನ ಮದುಕ್ಕರೈ ಹತ್ತಿರ ಕೇರಳಕ್ಕೆ ಹೋಗೋ ರೈಲು ಹಳಿ ಕಾಡಿನೊಳಗೆ ಹೋಗುತ್ತೆ. ರೈಲಿಗೆ ಸಿಕ್ಕಿ ಆನೆಗಳು ಸಾಯ್ತಿದ್ದವು. ಅಲ್ಲಿ ಅರಣ್ಯ ಇಲಾಖೆಯೋರು 12 ಗೋಪುರ ನಿಲ್ಲಿಸಿ, ಕತ್ತಲಲ್ಲಿ ಮೈ ಬಿಸಿಯನ್ನು ನೋಡಿ ಪ್ರಾಣಿ ಗುರುತು ಹಿಡಿಯೋ 24 ಕ್ಯಾಮೆರಾ ಹಾಕಿದ್ದಾರೆ, 2024ರ ಫೆಬ್ರವರಿಯಿಂದ. ಆನೆ ಹಳಿಯಿಂದ ಎಷ್ಟು ದೂರ ಇದೆ ಅಂತ ಕಂಡು ಮುಂಚೆಯೇ ಸುದ್ದಿ ಕೊಡುತ್ತೆ, ರೈಲು ನಿಧಾನ ಮಾಡ್ತದೆ. ಆ ಕ್ಯಾಮೆರಾ ಹಳಿ ಉದ್ದಕ್ಕೆ ನೋಡಲ್ಲ, ಹಳಿ ಪಕ್ಕಕ್ಕೆ, ಕಾಡಿನ ಕಡೆಗೆ ನೋಡುತ್ತೆ. ಆನೆಯ ಮೈ ಬಿಸಿ ಕಾಣೋ ಕ್ಯಾಮೆರಾಗೆ ಮಂಜಿನಲ್ಲಿ ಹಾಲಿನ ಕ್ಯಾನ್ ಹಿಡಿದು ನಿಂತೋನ ಮೈ ಬಿಸಿ ಕಾಣಲ್ಲವಾ? ಅದನ್ನು ನೋಡಿ ನೂರು ಮಾರು ಮುಂಚೆ ಒಂದು ಹಳದಿ ದೀಪ ಹತ್ತೋ ಹಾಗೆ ಮಾಡೋಕೆ ಆಗಲ್ಲವಾ? ಟೋಲಿನಲ್ಲಿ ಗಾಡಿ ಎಣಿಸಿದ ಹಾಗೆ, ದಿನಕ್ಕೆ ಎಷ್ಟು ಜನ ಎಲ್ಲಿ ದಾಟ್ತಾರೆ ಅಂತ ಒಂದು ತಿಂಗಳು ಎಣಿಸಿ, ಆಮೇಲೆ ಸಂದು ಎಲ್ಲಿ ಮುಚ್ಚಬೇಕು, ಕೆಳದಾರಿ ಎಲ್ಲಿ ಕೊಡಬೇಕು ಅಂತ ತೀರ್ಮಾನ ಮಾಡಬಹುದಲ್ಲ. ದಾಟೋನು ಟೋಲ್ ಕಟ್ಟಲ್ಲ, ಅದಕ್ಕೇ ಎಣಿಸಿಲ್ಲ ಅನ್ನೋದು ನನ್ನ ಗುಮಾನಿ. ತಪ್ಪಿದ್ದರೆ ತಿಳಿದೋರು ತಿದ್ದಲಿ.

ಇದನ್ನು ಬರೆಯೋ ಮೊದಲು ಆ ಹುಡುಗಿಯನ್ನು ವಾಚನಾಲಯದ ಹತ್ತಿರ ಕಂಡು ಕೇಳಿದೆ. ‘ಮಗಾ, ನಿನ್ನ ಕಾರಿಗೆ ಪಕ್ಕದಿಂದ ಬರೋದೂ ಕಾಣೋ ಹಾಗೆ ಮಾಡೋಕೆ ಆಗುತ್ತಾ?’ ಅವಳು ಒಂದು ಗಳಿಗೆ ಯೋಚನೆ ಮಾಡಿ, ‘ಆಗುತ್ತೆ ತಾತ, ಎರಡು ಕಡೆಗೂ ಒಂದೊಂದು ಸೆನ್ಸರ್ ಬೇಕು. ಒಂದಕ್ಕೆ ಎಂಬತ್ತು ರೂಪಾಯಿ ಆಗಬಹುದು’ ಅಂದಳು. ನೂರ ಅರವತ್ತು ಕೊಟ್ಟೆ. ಇನ್ನೂ ತಂದಿಲ್ಲ. ಹೊಸೂರಿಗೆ ಹೋಗಬೇಕಂತೆ, ಬಸ್ಸು ನಿಲ್ಲೋದು ರಸ್ತೆಯ ಆ ಕಡೆ, ಒಬ್ಬಳನ್ನೇ ಕಳಿಸಲ್ಲ ಅಂತ ಅವಳ ಅವ್ವ ಅಂದಿದ್ದಾಳೆ.